ಗಾಡಿಗೆ ವಯಸ್ಸಾಯ್ತು ಅಂದ್ರೆ ಏನ್ರೀ ಅರ್ಥ?

ನಮ್ಮ ಹಾಸನದ ಕಡೆ ಕಾರಿಗೆ ಹತ್ತು ವರ್ಷ ತುಂಬಿದ್ರೆ ಸಾಕು, ಅದಕ್ಕೆ ಬರೋ ಎಲ್ಲ ಕಾಯಿಲೆಗೂ ಒಂದೇ ಹೆಸರು. "ವಯಸ್ಸಾಯ್ತು ಸಾರ್." ಮೈಲೇಜ್ ಇಳಿದ್ರೂ ವಯಸ್ಸು, ಬಾಗಿಲು ಕಿರುಗುಟ್ಟಿದ್ರೂ ವಯಸ್ಸು. ಅದರಲ್ಲೂ ಹಿಂದೆ ಕೂತವರ ಮಾತು ಮುಂದಿನವರಿಗೆ ಕೇಳದ ಹಾಗೆ ಚಕ್ರದ ಕಡೆಯಿಂದ ಗುಂಯ್ ಅನ್ನೋ ಸದ್ದು ಶುರುವಾದ್ರೆ ಮುಗೀತು, ಯಾರೂ ಬಗ್ಗಿ ಕೂಡ ನೋಡಲ್ಲ. ಮೆಕ್ಯಾನಿಕ್ ವಯಸ್ಸು ಅಂತಾನೆ, ಗಾಡಿ ವ್ಯಾಪಾರದವನು "ಬಂದಷ್ಟಕ್ಕೆ ಕೊಟ್ಬಿಡಿ" ಅಂತಾನೆ, ಬೆಂಗಳೂರಿಂದ ಬಂದ ನೆಂಟರು ಹಾಡಿನ ವಾಲ್ಯೂಮ್ ಏರಿಸ್ತಾರೆ.

ಇದು ಶುದ್ಧ ಸೋಮಾರಿತನ. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋನು. ಹಳೇ ಪ್ರೋಗ್ರಾಂ ನಿಧಾನ ಆಗಿದೆ ಅಂತ ದೂರು ಬಂದಾಗ "ಅದಕ್ಕೆ ವಯಸ್ಸಾಯ್ತು" ಅಂತ ಬರೆದು ಟಿಕೆಟ್ ಮುಚ್ಚಿದ್ರೆ ನನ್ನ ಮ್ಯಾನೇಜರ್ ಸುಮ್ನೆ ಬಿಡ್ತಾನಾ? ಕಾರಲ್ಲೂ ಅಷ್ಟೇ. ರಬ್ಬರ್ ಗಟ್ಟಿಯಾಗುತ್ತೆ, ಬೇರಿಂಗ್ ಒಳಗೆ ನೀರು ಸೇರಿ ಗ್ರೀಸ್ ಕೆಡುತ್ತೆ, ಶಾಕ್ ಅಬ್ಸಾರ್ಬರ್‌ನಲ್ಲಿ ಎಣ್ಣೆ ಸೋರುತ್ತೆ, ಬುಷ್ ಹರಿಯುತ್ತೆ. ಒಂದೊಂದಕ್ಕೂ ಹೆಸರಿದೆ, ಒಂದೊಂದಕ್ಕೂ ಅದರದ್ದೇ ಸದ್ದಿದೆ. ಕೇಳೋ ವ್ಯವಧಾನ ಬೇಕು ಅಷ್ಟೇ.

ಅರಕಲಗೂಡಲ್ಲಿರೋ ನಮ್ಮ ಚಿಕ್ಕಪ್ಪನ ಕಥೆ ಹೇಳ್ತೀನಿ. 2012ರ ಗಾಡಿ, ಒಬ್ಬರೇ ಓಡಿಸಿದ್ದು. ಚಿಕ್ಕಮ್ಮನ್ನ ತಿಂಗಳಿಗೆರಡು ಸಲ ಹಾಸನದ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಅದೇ ಆಧಾರ. ಸದ್ದು ಬರ್ತಿದೆ ಅಂತ ಒಬ್ಬ ಮೆಕ್ಯಾನಿಕ್ ಹತ್ರ ತಗೊಂಡು ಹೋದ್ರೆ, ಆತ ಸುತ್ತ ಒಂದು ರೌಂಡ್ ಕೂಡ ಓಡಿಸದೆ ನಾಲ್ಕೂ ಟೈರ್ ಬದಲಾಯಿಸಿಬಿಟ್ಟ. ದುಡ್ಡು ಹೋಯ್ತು, ಸದ್ದು ಹಾಗೇ ಉಳೀತು. ಆಮೇಲೆ ಅದೇ ಬಾಯಲ್ಲಿ "ಗೇರ್‌ಬಾಕ್ಸ್ ಇರಬಹುದು, ಹಳೇ ಗಾಡಿ, ಮಾರಿಬಿಡಿ ಗೌಡ್ರೇ" ಅಂದ. ಚಿಕ್ಕಪ್ಪ ಮಾರೋಕೆ ತಯಾರಾಗಿಯೂ ಬಿಟ್ಟಿದ್ರು!

ನಾನು ಊರಿಗೆ ಹೋದಾಗ ಆ ಗಾಡೀಲಿ ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗಿ, ರಾಷ್ಟ್ರೀಯ ಹೆದ್ದಾರಿ 75 ಹಿಡಿದು ಹಾಸನಕ್ಕೆ ಬಂದೆ. ಖಾಲಿ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆಫ್ ಮಾಡದೆ, ಒಂದು ಕ್ಷಣ ನ್ಯೂಟ್ರಲ್‌ಗೆ ಹಾಕಿ ನೋಡಿದೆ. ಎಂಜಿನ್ ಇಳೀತು, ಗುಂಯ್ ಅನ್ನೋದು ಒಂಚೂರೂ ಇಳೀಲಿಲ್ಲ. ಅಲ್ಲಿಗೆ ಎಂಜಿನ್ ನಿರಪರಾಧಿ. ಹಳೇ ತೇಪೆ ರಸ್ತೆಯಿಂದ ನುಣ್ಣನೆ ಡಾಂಬರಿಗೆ ಬಂದ್ರೂ ಸದ್ದಿನ ಧಾಟಿ ಬದಲಾಗ್ಲಿಲ್ಲ. ಟೈರಿನ ಸದ್ದಾಗಿದ್ರೆ ರಸ್ತೆ ಬದಲಾದ ತಕ್ಷಣ ರಾಗ ಬದಲಾಗ್ಬೇಕು. ಕೊನೆಗೆ, ಎಡಕ್ಕೆ ತಿರುಗೋ ಬಾಗಿನಲ್ಲಿ ಸದ್ದು ಜಾಸ್ತಿ, ಬಲಕ್ಕೆ ತಿರುಗಿದ್ರೆ ಕಮ್ಮಿ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತೆ, ಪಿಯುಸಿ ಫಿಸಿಕ್ಸು.

ಬರೀ ಬಾಗಿನ ಪರೀಕ್ಷೆ ನಂಬಿ ಕೂರಬಾರದು, ಕೆಲವು ಬೇರಿಂಗ್ ಉಲ್ಟಾನೂ ಹಾಡ್ತವೆ. ಮನೆ ಮುಂದೆ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಜಾಕ್ ಏರಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಬಲಗಡೆ ಚಕ್ರ ಕೈಯಲ್ಲಿ ತಿರುಗಿಸಿದ್ವಿ. ಸ್ಪ್ರಿಂಗ್ ಮೇಲೆ ಬೆರಳಿಟ್ರೆ ಒಳಗೆ ಮರಳು ಅರೆದ ಹಾಗೆ ಗರಗರ. ವೀಲ್ ಬೇರಿಂಗ್! ಹಾಕಿಸೋಕೆ ಒಂದು ಮಧ್ಯಾಹ್ನ ಸಾಕಾಯ್ತು. ಅದನ್ನ ಹಾಗೇ ಬಿಟ್ಟು ಚಿಕ್ಕಮ್ಮನ್ನ ಕೂರಿಸ್ಕೊಂಡು ಹೆದ್ದಾರೀಲಿ 90ರಲ್ಲಿ ಹೋಗ್ತಿದ್ದಾಗ ಚಕ್ರ ಅಲ್ಲಾಡಿ ಬಿಗಿದುಕೊಂಡಿದ್ರೆ? ಗಾಡಿ ಮಾರಿದ್ರೂ ಅಷ್ಟೇ, ಅದೇ ಬೇರಿಂಗ್ ಇನ್ಯಾರದೋ ಮನೆಯವರ ಕೆಳಗೆ ತಿರುಗ್ತಾ ಇರ್ತಿತ್ತು. ಈ ಸಿಟ್ಟಿಗೇ ಇಷ್ಟೆಲ್ಲಾ ಬರೀತಿರೋದು.

"ಅಯ್ಯೋ, ನಮ್ಮ ರೋಡೇ ಸರಿ ಇಲ್ಲ ಬಿಡಿ" ಅನ್ನೋರು ಇನ್ನೊಂದು ಪಕ್ಷ. ಅರ್ಧ ನಿಜ. ಶಿರಾಡಿ ಘಾಟಿಯಲ್ಲಿ 2015ರಲ್ಲಿ, ಮತ್ತೆ 2018ರಲ್ಲಿ ತಿಂಗಳುಗಟ್ಟಲೆ ರಸ್ತೆ ಮುಚ್ಚಿ ಕಾಂಕ್ರೀಟ್ ಹಾಕಿದ್ರಲ್ಲ, ಅಲ್ಲಿ ಹೊಸ ಕಾರೂ ಕೂಗುತ್ತೆ. ಆದ್ರೆ ಅದೇ ರಸ್ತೆ, ಅದೇ ವೇಗ, ಅದೇ ಗಾಳಿ ಒತ್ತಡದಲ್ಲಿ ವರ್ಷದಿಂದ ವರ್ಷಕ್ಕೆ ಸದ್ದು ಏರ್ತಿದ್ರೆ ಅದಕ್ಕೆ ಲೋಕೋಪಯೋಗಿ ಇಲಾಖೆಯವರನ್ನ ಬೈದು ಏನು ಪ್ರಯೋಜನ? ಫೋನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ ಇಟ್ಕೊಳ್ಳಿ, ಆರು ತಿಂಗಳು ಬಿಟ್ಟು ಅದೇ ಜಾಗದಲ್ಲಿ ಇನ್ನೊಮ್ಮೆ ಮಾಡಿ. ನೆನಪಿನ ಮೇಲೆ ಜಗಳ ಆಡೋದಕ್ಕಿಂತ ವಾಸಿ.

ಹಾಗಂತ ಟೈರ್ ಯಾವಾಗಲೂ ಸಂಭಾವಿತ ಅಂತಲ್ಲ, ಬಹಳ ಸಲ ಕಳ್ಳ ಅದೇ. ಅಂಗೈಯನ್ನ ಟೈರಿನ ಮೇಲೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ತಾಗಿದ್ರೆ ಸವೆತ ಸಮ ಇಲ್ಲ ಅಂತ, ಅಡ್ಡಡ್ಡ ಸವರಿದಾಗ ಹಾಗಾದ್ರೆ ಮೊದಲ ಅನುಮಾನ ಅಲೈನ್‌ಮೆಂಟ್ ಮೇಲೆ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗಿದ್ರೆ ಶಾಕ್ ಅಬ್ಸಾರ್ಬರ್ ನೋಡಿಸಿ, ಇಲ್ಲದಿದ್ರೆ ಹೊಸ ಟೈರೂ ಹಾಗೇ ಹಾಳಾಗುತ್ತೆ. 155/80 ಆರ್13 ಟೈರಿನ ಸುತ್ತಳತೆ ಸುಮಾರು 1.8 ಮೀಟರ್, ಅಂದ್ರೆ 80ರ ವೇಗದಲ್ಲಿ ಸೆಕೆಂಡಿಗೆ 12 ಸುತ್ತು. ಒಂದು ಕಡೆ ಉಬ್ಬಿದ್ರೆ ಸೆಕೆಂಡಿಗೆ 12 ಸಲ ಧಪ್ ಅನ್ನುತ್ತೆ, 40ರಲ್ಲಿ ಆರೇ ಸಲ. (ಲೆಕ್ಕ ಹಾಕಿ ನೋಡಿ, ಇಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದ್ರೂ ಆಗ್ಲಿ :-)) ಅನುಮಾನ ಇದ್ರೆ ಒಂದೇ ಪಕ್ಕದ ಹಿಂದಿನದನ್ನ ಮುಂದಕ್ಕೆ, ಮುಂದಿನದನ್ನ ಹಿಂದಕ್ಕೆ ಹಾಕಿಸಿ. ಸದ್ದೂ ಜಾಗ ಬದಲಾಯಿಸಿದ್ರೆ ಟೈರ್ ಸಿಕ್ಕಿಬಿತ್ತು. ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ, 2317 ಅಂದ್ರೆ 2017ರ 23ನೇ ವಾರ ತಯಾರಾದದ್ದು. ಹಳೆ ಟೈರ್ ಸವೆಯದೇ ಇದ್ರೂ ರಬ್ಬರ್ ಗಟ್ಟಿಯಾಗಿ ಸದ್ದು ಮಾಡುತ್ತೆ.

ಚಿಕ್ಕಪ್ಪನ ಗಾಡೀಲಿ ಈಗ ಉಳಿದಿರೋದು 70 ದಾಟಿದ ಮೇಲೆ ಬರೋ ಸಣ್ಣ ಶಿಳ್ಳೆ. ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಹಾಕಿ, ನಾಲ್ಕೂ ಕಡೆ ಎಳೆದು ನೋಡಿದ್ವಿ. ಎಡ ಮುಂದಿನ ಬಾಗಿಲ ಮೇಲ್ಮೂಲೇಲಿ ನೋಟು ಸಲೀಸಾಗಿ ಈಚೆ ಬಂತು. ರಬ್ಬರ್ ಬೀಡಿಂಗ್ ಸತ್ತಿದೆ. ಹಾಸನದಲ್ಲಿ ಕೇಳಿದ್ದಕ್ಕೆ ಅಂಗಡಿಯವರು ತಲೆ ಎತ್ತದೆ ಹೇಳಿದ್ದೇನು ಗೊತ್ತಾ? "ವಯಸ್ಸಾಯ್ತಲ್ಲ ಸಾರ್." ಭಾಗದ ಹೆಸರು, ಅಳತೆ ಬರೆದು ಕೊಟ್ಟು ಆರ್ಡರ್ ಮಾಡಿ ಬಂದಿದ್ದೀವಿ.