ಯಾವ ವರ್ಷದ ಸ್ಟಾಂಡರ್ಡು?

ನಮ್ಮ ಇಸಿಜಿ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ‘ಐಇಸಿ 60601-1 ಪ್ರಕಾರ’ ಅಂತ ಜಂಬದಿಂದ ಬರೆದಿದ್ದೆವು. ವೈವಾದಲ್ಲಿ ಒಂದೇ ಪ್ರಶ್ನೆ: “ಯಾವ ಎಡಿಷನ್ ಅಪ್ಪಾ?” ಮುಖ ಮುಖ ನೋಡಿಕೊಂಡೆವು. ಸೀನಿಯರ್ಸ್ ರಿಪೋರ್ಟಿನಿಂದ ಇಳಿಸಿಕೊಂಡ ಸಾಲು ಅದು!

2005ರ ಮೂರನೇ ಆವೃತ್ತಿಗೆ 2012ರಲ್ಲಿ, 2020ರಲ್ಲಿ ತಿದ್ದುಪಡಿ ಬಂದಿವೆ. ನಾವು ಆರಿಸಿಕೊಂಡ ಸಿಎಫ್ ದರ್ಜೆಯಲ್ಲಿ ರೋಗಿಯ ಮೂಲಕ ಸೋರುವ ಎಸಿ ಕರೆಂಟು ಮಾಮೂಲಿ ಸ್ಥಿತಿಯಲ್ಲಿ 10 ಮೈಕ್ರೋಆಂಪ್ ದಾಟಬಾರದು. ಅದನ್ನು ಅಳೆದು ತೋರಿಸಬಹುದು. ಆದರೆ ಮೂರನೇ ಆವೃತ್ತಿ ಅಷ್ಟಕ್ಕೇ ಬಿಡೋದಿಲ್ಲ. ಎಲ್ಲೆಲ್ಲಿ ಅಪಾಯ, ಅದಕ್ಕೆ ಏನು ಮಾಡಿದಿರಿ ಅನ್ನುವ ರಿಸ್ಕ್ ಫೈಲನ್ನೂ ಕೇಳುತ್ತೆ. ಆ ಫೈಲ್ ಇಲ್ಲದಿದ್ದರೆ, ತಿದ್ದುಪಡಿ ಬಂದಾಗ ಯಾವ ಟೆಸ್ಟ್ ಮತ್ತೆ ಮಾಡಬೇಕು, ಯಾವುದು ಬೇಡ ಅಂತ ಹೇಳೋರು ಯಾರು?

ಕಾಲೇಜು ಇದನ್ನು ಸಿನಾಪ್ಸಿಸ್ ಕೊಡುವ ದಿನವೇ ಕೇಳಬೇಕು. ಕೊನೇ ವಾರ ಕೇಳಿದರೆ ನಾವು ಕತೆ ಕಟ್ಟಿಬಿಡ್ತೀವಿ.