ಒಂದು ದ್ವೀಪ, ಒಂದು ಭಾನುವಾರದ ಊಟ

1976ರ ಏಪ್ರಿಲ್. ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಟೆಸ್ಟ್ ಗೆಲ್ಲಲು ಭಾರತಕ್ಕೆ ಬೇಕಿದ್ದದ್ದು 403 ರನ್. ಗಾವಸ್ಕರ್ 102 ಹೊಡೆದರು, ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 112. ಗೆಲುವಿನ ಹೊತ್ತಿಗೆ ಕ್ರೀಸಿನಲ್ಲಿದ್ದವರು ಬ್ರಿಜೇಶ್ ಪಟೇಲ್. ಕನ್ನಡಿಗರ ಒಂದು ತಲೆಮಾರಿಗೆ ಕೆರಿಬಿಯನ್ ಎಂದರೆ ಇಂಥ ಸ್ಕೋರುಗಳು, ಇಂಥ ಮೈದಾನಗಳು. ಕ್ವೀನ್ಸ್ ಪಾರ್ಕ್ ಓವಲ್‌ನ ಹೆಸರು ಬಾಯಿಪಾಠ ಇದ್ದವರಿಗೂ ಆ ಮೈದಾನದ ಸುತ್ತಲಿನ ಮನೆಗಳಲ್ಲಿ ಭಾನುವಾರ ಮಧ್ಯಾಹ್ನ ಒಲೆಯ ಮೇಲೆ ಏನು ಬೇಯುತ್ತದೆ ಎಂಬುದು ಗೊತ್ತಿಲ್ಲ.

ಗೊತ್ತುಮಾಡಿಕೊಳ್ಳುವ ಆಸೆ ಈಗ ಹುಟ್ಟಿದೆ. ಇಟಲಿ, ಥಾಯ್, ಮೆಕ್ಸಿಕೊ ಅಡುಗೆಗಳನ್ನು ಮನೆಯಲ್ಲೇ ಮಾಡಿ ಬಡಿಸುವವರು ಕೆರಿಬಿಯನ್ ಊಟವೊಂದನ್ನೂ ಯೋಚಿಸತೊಡಗಿದ್ದಾರೆ. ಆದರೆ ಸಾಮಾನ್ಯವಾಗಿ ಆಗುವುದು ಇಷ್ಟು: ಅನಾನಸು, ತೆಂಗಿನಹಾಲು, ಒಂದಿಷ್ಟು ಖಾರ, ಹಿನ್ನೆಲೆಗೆ ಬಾಬ್ ಮಾರ್ಲಿ. ಅದು ಸಮುದ್ರ ತೀರದ ಹೋಟೆಲಿನ ಜಾಹೀರಾತಿನಿಂದ ಹುಟ್ಟಿದ ಕಲ್ಪನೆ. ಕೆರಿಬಿಯನ್ ಒಂದೇ ಅಡುಗೆಮನೆ ಅಲ್ಲ. ಜಮೈಕಾದ ಸಾರು ಬಾರ್ಬಡೋಸಿನದಲ್ಲ, ಕ್ಯೂಬಾದ ಅನ್ನ ಹೈಟಿಯದಲ್ಲ. ಒಂದು ದ್ವೀಪವನ್ನು, ಅಲ್ಲಿನ ಒಂದು ಹೊತ್ತಿನ ಊಟವನ್ನು ಆರಿಸಿಕೊಳ್ಳಬೇಕು. ತಟ್ಟೆಗೆ ಬೀಳುವ ಪ್ರತಿಯೊಂದೂ ಅಲ್ಲಿಗೆ ಯಾರ ಜತೆ ಬಂತು ಎಂದು ತಿಳಿದು ಬಡಿಸಬೇಕು. ಇಲ್ಲದಿದ್ದರೆ ಅದು ತೆಂಗಿನಹಾಲಿನ ಇನ್ನೊಂದು ಪದಾರ್ಥ ಮಾತ್ರ.

ಕನ್ನಡದ ಮನೆಗೆ ಸರಿಹೊಂದುವ ದ್ವೀಪ ಟ್ರಿನಿಡಾಡ್. ಅದಕ್ಕೆ ಕಾರಣ ಅಲ್ಲಿನ ‘ಕರಿ’ ಇರಬಹುದು ಎಂದುಕೊಂಡರೆ ತಪ್ಪಾಗುತ್ತದೆ. ಕಾರಣ ತೊಗರಿ ಮತ್ತು ಕೆಸು.

ಮೊದಲು ತೊಗರಿ. ಕಲಬುರಗಿಯ ಕರಿಮಣ್ಣಿನಲ್ಲಿ ಬೆಳೆಯುವ ಈ ಕಾಳಿನ ತವರು ಭಾರತ. ಇಲ್ಲಿಂದ ಅದು ಬಹಳ ಹಿಂದೆಯೇ ಆಫ್ರಿಕಕ್ಕೆ ಹೋಯಿತು. ಅಲ್ಲಿನವರನ್ನು ಸಂಕಲೆ ಹಾಕಿ ಕಬ್ಬಿನ ತೋಟಗಳಿಗೆ ಸಾಗಿಸಿದ ಹಡಗುಗಳ ಕಾಲದಲ್ಲಿ ಅಟ್ಲಾಂಟಿಕ್ ದಾಟಿತು. ಜಮೈಕಾದಲ್ಲಿ ಅದರ ಹೆಸರು ಗುಂಗೊ. ಟ್ರಿನಿಡಾಡಿನಲ್ಲಿ ಅದು ಪಿಜನ್ ಪೀಸ್, ‘ಪೆಲಾವ್’ ಎಂಬ ಅನ್ನದ ಜೀವಾಳ. ಅಂದರೆ ಭಾರತದ ಕೂಲಿಗಳು ಆ ದ್ವೀಪದಲ್ಲಿ ಕಾಲಿಡುವ ಮೊದಲೇ ಭಾರತದ ತೊಗರಿ ಅಲ್ಲಿ ಆಫ್ರಿಕದವರ ಮಡಕೆಯಲ್ಲಿ ಬೇಯುತ್ತಿತ್ತು. ಈ ಒಂದು ಸಂಗತಿ ತಿಳಿದ ಮೇಲೆ ‘ಅದು ನಮ್ಮದೇ ಅಡುಗೆ’ ಎಂದು ಹೇಳುವ ಬಾಯಿ ಕಟ್ಟಬೇಕು.

ಪೆಲಾವ್ ಮಾಡುವ ಬಗೆ ಇಲ್ಲಿನ ಪಲಾವಿನದಲ್ಲ. ಎಣ್ಣೆ ಕಾದ ಮೇಲೆ ಮೊದಲು ಬೀಳುವುದು ಸಕ್ಕರೆ. ಅದು ಕರಗಿ, ನೊರೆಯೆದ್ದು, ಕಂದುಬಣ್ಣ ಗಾಢವಾಗಿ ಇನ್ನೇನು ಸೀಯಬೇಕು ಎನ್ನುವಷ್ಟರಲ್ಲಿ ಸೊಪ್ಪಿನ ಮಸಾಲೆ ಹಚ್ಚಿದ ಕೋಳಿಯನ್ನು ಹಾಕುತ್ತಾರೆ. ಆಮೇಲೆ ತೊಗರಿಕಾಳು, ಅಕ್ಕಿ, ತೆಂಗಿನಹಾಲು, ಕುಂಬಳದ ಹೋಳು. ಸಕ್ಕರೆಯ ಈ ಕಹಿ ಅಂಚೇ ಪೆಲಾವಿನ ರುಚಿ. ಅದನ್ನು ಬಿಟ್ಟು ಚಕ್ಕೆ ಲವಂಗದ ಒಗ್ಗರಣೆ ಕೊಟ್ಟರೆ ಬರುವುದು ಬೆಂಗಳೂರಿನ ಪಲಾವ್. ಸಕ್ಕರೆಗಾಗಿಯೇ ಲಕ್ಷಾಂತರ ಜನರನ್ನು ಜೀತಕ್ಕೆ ತಂದ ದ್ವೀಪಗಳಲ್ಲಿ ಆ ಸಕ್ಕರೆಯನ್ನು ಸುಟ್ಟು ಊಟದ ಬಣ್ಣ ಮಾಡಿಕೊಂಡಿದ್ದಾರೆ ಎಂಬುದನ್ನು ಅಡುಗೆ ಮಾಡುವವರು ಒಂದು ಗಳಿಗೆ ನೆನೆಯಬೇಕು.

ಇನ್ನು ಕೆಸು. ಟ್ರಿನಿಡಾಡಿನ ಭಾನುವಾರದ ಊಟಕ್ಕೆ ‘ಕ್ಯಾಲಲೂ’ ಇರಲೇಬೇಕು. ಅಲ್ಲಿ ಡಶೀನ್ ಎನ್ನುವುದು ಪತ್ರೊಡೆಗೆ ಬಳಸುವ ಇದೇ ಕೆಸುವಿನ ಬಳಗದ ಎಲೆಯನ್ನು. ಎಲೆ, ದಂಟು, ಬೆಂಡೆಕಾಯಿ, ಕುಂಬಳ, ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಹಾಲು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಮರದ ಕಡೆಗೋಲಿನಲ್ಲಿ ಕಡೆಯುತ್ತಾರೆ. ಮೇಲೆ ಒಂದು ಇಡೀ ಮೆಣಸಿನಕಾಯಿ ತೇಲುತ್ತಿರುತ್ತದೆ. ಅದು ಒಡೆಯಬಾರದು, ಒಡೆದರೆ ಇಡೀ ಪಾತ್ರೆ ಖಾರ. ಸಮುದ್ರದ ಏಡಿ ಸಿಕ್ಕರೆ ಅದೂ ಬೀಳುತ್ತದೆ. ಗಿಡ ಏಷ್ಯಾದ್ದು, ಬೆಂಡೆ ಆಫ್ರಿಕದ್ದು, ಕುಂಬಳವೂ ಮೆಣಸಿನಕಾಯಿಯೂ ಅಮೆರಿಕದವು, ಬೇಯಿಸುವ ಕ್ರಮ ಪಶ್ಚಿಮ ಆಫ್ರಿಕದ ಸೊಪ್ಪಿನ ಸಾರುಗಳದು. ಎಲೆ ಗಂಟಲು ತುರಿಸದಂತೆ ಚೆನ್ನಾಗಿ ಬೇಯಬೇಕೆಂದು ಮಂಗಳೂರು, ಮಡಿಕೇರಿಯ ಅಡುಗೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹುಣಸೆಹುಳಿ ಹಿಂಡಲು ಮಾತ್ರ ಕೈ ಹೋಗದಂತೆ ನೋಡಿಕೊಂಡರೆ ಸಾಕು.

ಗೆಣಸು, ಮರಗೆಣಸು, ಕೆಸುವಿನ ಗಡ್ಡೆಗಳನ್ನು ಟ್ರಿನಿಡಾಡಿನವರು ಇಂದಿಗೂ ಒಟ್ಟಾಗಿ ‘ಗ್ರೌಂಡ್ ಪ್ರಾವಿಷನ್’ ಎನ್ನುತ್ತಾರೆ. ಆ ಹೆಸರಿನ ಹಿಂದೆ ಕಹಿ ಇತಿಹಾಸವಿದೆ. ಒಳ್ಳೆಯ ನೆಲವನ್ನೆಲ್ಲ ಕಬ್ಬಿಗೆ ಇಟ್ಟುಕೊಂಡ ತೋಟದ ಮಾಲೀಕರು, ಜೀತದಾಳುಗಳ ಹೊಟ್ಟೆಯ ಖರ್ಚು ಉಳಿಸಲು ಗುಡ್ಡದ ಮೇಲಿನ, ತೋಟದ ಅಂಚಿನ ತುಂಡು ಭೂಮಿಗಳನ್ನು ಅವರಿಗೆ ಬಿಡುತ್ತಿದ್ದರು. ವಾರವೆಲ್ಲ ದುಡಿದವರು ಭಾನುವಾರ ಅಲ್ಲಿ ತಮಗೆ ಬೇಕಾದದ್ದನ್ನು ಬೆಳೆದರು. ಹೆಚ್ಚಾದದ್ದನ್ನು ಭಾನುವಾರದ ಸಂತೆಯಲ್ಲಿ ಮಾರಿದರು. ಕೆರಿಬಿಯನ್ ಅಡುಗೆಯ ಬೇರು ಇರುವುದು ದೊರೆಯ ಬಂಗಲೆಯಲ್ಲಲ್ಲ, ಈ ತುಂಡು ಭೂಮಿಯಲ್ಲಿ. ಮಾಲೀಕರು ಕೊಡುತ್ತಿದ್ದ ಪಡಿ ಉತ್ತರ ಅಮೆರಿಕದಿಂದ ಬರುತ್ತಿದ್ದ ಕೆಳದರ್ಜೆಯ ಒಣ ಉಪ್ಪುಮೀನು. ಅದನ್ನೂ ಆ ಜನ ನೀರಿನಲ್ಲಿ ನೆನೆಸಿ, ಉಪ್ಪು ಬಿಡಿಸಿ, ಟೊಮೆಟೊ ಈರುಳ್ಳಿ ಬೆರೆಸಿ ‘ಬಲ್‌ಜೋಲ್’ ಮಾಡಿ ಬೆಳಗಿನ ತಿಂಡಿಯ ಗೌರವಕ್ಕೆ ಏರಿಸಿದರು.

ಕರಾವಳಿಯವರ ಜೀಗುಜ್ಜೆಗೂ ಇಲ್ಲೊಂದು ಕತೆಯಿದೆ. ಜೀತದಾಳುಗಳಿಗೆ ಅಗ್ಗದ ಆಹಾರವಾಗಲೆಂದು ಅದರ ಸಸಿಗಳನ್ನು ತಾಹಿತಿಯಿಂದ ತರಲು ವಿಲಿಯಂ ಬ್ಲೈ ಎಂಬ ನಾವಿಕ ಹೊರಟಿದ್ದ. 1789ರಲ್ಲಿ ‘ಬೌಂಟಿ’ ಹಡಗಿನ ಆಳುಗಳು ದಂಗೆಯೆದ್ದು ಅವನನ್ನು ದೋಣಿಗೆ ಇಳಿಸಿ ಕಳಿಸಿಬಿಟ್ಟರು. ಎರಡನೆಯ ಯಾನದಲ್ಲಿ, 1793ರಲ್ಲಿ, ಸಸಿಗಳು ಸೇಂಟ್ ವಿನ್ಸೆಂಟ್ ಮತ್ತು ಜಮೈಕಾ ತಲುಪಿದವು.

ಭಾರತದವರು ಬಂದದ್ದು ಇದೆಲ್ಲದರ ನಂತರ. 1838ರ ಆಗಸ್ಟ್ 1ರಂದು ಬ್ರಿಟಿಷ್ ಆಳ್ವಿಕೆಯ ಕೆರಿಬಿಯನ್ ದ್ವೀಪಗಳ ಜೀತದಾಳುಗಳು ಪೂರ್ಣ ಬಿಡುಗಡೆ ಪಡೆದರು. ಹಳೆಯ ಕೂಲಿಗೆ, ಹಳೆಯ ಚಾವಟಿಗೆ ಅವರು ಒಪ್ಪದಿದ್ದಾಗ ಮಾಲೀಕರ ಕಣ್ಣು ಭಾರತದ ಬಡವರ ಮೇಲೆ ಬಿತ್ತು. 1845ರ ಮೇ 30ರಂದು ‘ಫಾತೆಲ್ ರಜಾಕ್’ ಹಡಗು ಸುಮಾರು 225 ಜನರನ್ನು ಕಲ್ಕತ್ತೆಯಿಂದ ಟ್ರಿನಿಡಾಡಿಗೆ ತಂದಿಳಿಸಿತು. 1917ರವರೆಗೆ ಹೀಗೆ ಹೋದವರು ಸುಮಾರು 1,43,000. ಐದು ವರ್ಷದ ಕರಾರು, ತೋಟದ ಬ್ಯಾರಕ್ಕಿನಲ್ಲಿ ವಾಸ. ಹೆಚ್ಚಿನವರು ಇಂದಿನ ಬಿಹಾರ ಮತ್ತು ಉತ್ತರ ಪ್ರದೇಶದ ಪೂರ್ವ ಭಾಗದವರು. ಮದರಾಸಿನಿಂದಲೂ ಕೆಲವು ಹಡಗುಗಳು ಹೋಗಿದ್ದವು. 2011ರ ಜನಗಣತಿಯಲ್ಲಿ ಅವರ ಸಂತತಿ ದೇಶದ ಶೇ 35ರಷ್ಟು, ಆಫ್ರಿಕ ಮೂಲದವರು ಶೇ 34ರಷ್ಟು.

ಅವರ ಅಡುಗೆಮನೆಯ ಭಾಷೆ ಕೇಳಿದರೆ ಮನಸ್ಸು ಕರಗುತ್ತದೆ. ತವಾ ‘ತಾವಾ’ ಆಗಿ ಉಳಿದಿದೆ, ಜೀರಾ ‘ಗೀರಾ’ ಆಗಿದೆ. ಬೇಳೆಗೆ ಒಗ್ಗರಣೆ ಹಾಕುವುದು ‘ಚಂಕೆ’. ಭೋಜಪುರಿ ಮಾತನಾಡುವವರು ಬಹುಪಾಲು ಇಲ್ಲವಾಗಿದ್ದಾರೆ. ಮಾತು ಹೋದ ಮೇಲೂ ಒಗ್ಗರಣೆಯ ಹೆಸರು ನಾಲಿಗೆಯಲ್ಲಿ ನಿಂತಿದೆ. ಬಟಾಣಿ ಬೇಳೆಯ ಖಾರದ ಹೂರಣ ತುಂಬಿ ಹೋಳಿಗೆಯಂತೆ ತೆಳ್ಳಗೆ ಲಟ್ಟಿಸಿ ಬೇಯಿಸುವುದು ದಾಲ್‌ಪುರಿ. ತವೆಯ ಮೇಲೇ ಮರದ ಪಟ್ಟಿಗಳಿಂದ ಬಡಿದು ಚಿಂದಿ ಮಾಡುವ ಪರಾಠಕ್ಕೆ ‘ಬಸಪ್ ಶಟ್’, ಹರಿದ ಅಂಗಿ, ಎಂದು ಹೆಸರು.

ಅಲ್ಲಿನ ಬೀದಿಯ ರಾಜ ‘ಡಬಲ್ಸ್’. ಅರಿಸಿನ ಬೆರೆಸಿದ ಹುದುಗುಹಿಟ್ಟಿನ ಎರಡು ಮೆತ್ತನೆಯ ‘ಬಾರಾ’, ನಡುವೆ ಕಡಲೆಕಾಳಿನ ಕರಿ. 1930ರ ದಶಕದಲ್ಲಿ ಪ್ರಿನ್ಸಸ್ ಟೌನ್ ಎಂಬ ಊರಿನ ಡೀನ್ ಕುಟುಂಬ ಅದನ್ನು ಮಾರಲು ತೊಡಗಿತು ಎನ್ನುತ್ತಾರೆ. ಖಾರ ಕಡಿಮೆ ಬೇಕಾದವರು ‘ಸ್ಲೈಟ್’ ಎಂದರೆ ಸಾಕು, ಅಂಗಡಿಯವನಿಗೆ ಅರ್ಥವಾಗುತ್ತದೆ. ಭಾರತದಿಂದ ಹೋದವರು ಇದನ್ನು ಕಂಡು ‘ಛೋಲೆ ಭಟೂರೆ’ ಎಂದು ಗುರುತು ಹಚ್ಚಿಬಿಡುತ್ತಾರೆ. ಆ ಗುರುತು ಸರಿಯಲ್ಲ. ಬಾರಾ ಎಂದರೆ ಭೋಜಪುರಿಯವರಿಗೆ ಉದ್ದಿನ ವಡೆ. ಅಲ್ಲಿ ಹೆಸರು ಉಳಿದು ತಿಂಡಿಯೇ ಬೇರೆಯಾಯಿತು. ಅದರ ಮೇಲೆ ಬೀಳುವ ಸೊಪ್ಪು ‘ಶಾಡೊ ಬೆನಿ’, ಕೊತ್ತಂಬರಿಗಿಂತ ಗಾಢ ವಾಸನೆಯ ಅಮೆರಿಕದ ಗಿಡ. ಹಿಂದೂ, ಮುಸ್ಲಿಂ, ಕ್ರೈಸ್ತ, ಆಫ್ರಿಕ ಮೂಲದವರು, ಚೀನೀ ಮೂಲದವರು, ಎಲ್ಲರೂ ಬೆಳಿಗ್ಗೆ ಒಂದೇ ಗಾಡಿಯ ಮುಂದೆ ನಿಂತು ತಿನ್ನುವ ತಿಂಡಿ ಅದು. ಅದು ಟ್ರಿನಿಡಾಡಿನದು.

ಮಾಂಸ ತಿನ್ನದವರು ಚಿಂತಿಸಬೇಕಿಲ್ಲ. ಡಬಲ್ಸ್, ದಾಲ್‌ಪುರಿ, ಬೆಂಕಿಯಲ್ಲಿ ಸುಟ್ಟ ಬದನೆಯ ‘ಚೋಕಾ’ ಹೇಗಿದ್ದರೂ ಇವೆ. ಏಡಿಯಿಲ್ಲದ ಕ್ಯಾಲಲೂ ಕೂಡ ಕ್ಯಾಲಲೂವೇ. ಜಮೈಕಾದಲ್ಲಿ 1930ರ ದಶಕದಲ್ಲಿ ಹುಟ್ಟಿದ ರಸ್ತಫಾರಿ ಪಂಥದ ‘ಐಟಲ್’ ಊಟ ಮಾಂಸವನ್ನು ದೂರವಿಟ್ಟದ್ದು. ಕಟ್ಟುನಿಟ್ಟಿನವರು ಉಪ್ಪನ್ನೂ ಮುಟ್ಟುವುದಿಲ್ಲ. ಗಡ್ಡೆ, ಕಾಳು, ತೆಂಗಿನಹಾಲು, ಸೊಪ್ಪು ಅಲ್ಲಿ ಬದಲಿ ಪದಾರ್ಥಗಳಲ್ಲ, ಅವೇ ಊಟ. ಕುಡಿಯಲು ಸಾರೆಲ್ ಇಡಬಹುದು: ಪುಂಡಿಯ ಬಳಗದ ಗಿಡದ ಕೆಂಪು ಪುಷ್ಪಪಾತ್ರೆಗಳನ್ನು ಶುಂಠಿ, ಲವಂಗದೊಡನೆ ಕುದಿಸಿ ತಣಿಸಿದ ಪಾನಕ. ಅಲ್ಲಿ ಅದು ಕ್ರಿಸ್‌ಮಸ್‌ನದು. ಒಣಗಿಸಿಟ್ಟದ್ದು ಯಾವಾಗಲೂ ಆಗುತ್ತದೆ.

ಮೆಣಸಿನಕಾಯಿಯ ವಿಷಯದಲ್ಲಿ ಮಾತ್ರ ರಾಜಿ ಬೇಕು. ಅಲ್ಲಿನ ಸ್ಕಾಚ್ ಬಾನೆಟ್‌ನಲ್ಲಿ ಖಾರದಷ್ಟೇ ಹಣ್ಣಿನ ಪರಿಮಳವಿದೆ. ಬ್ಯಾಡಗಿ ಬಣ್ಣ ಕೊಟ್ಟೀತು, ಆ ಪರಿಮಳ ಕೊಡದು. ಸಿಗದಿದ್ದರೆ ಸಿಕ್ಕ ಹಸಿಮೆಣಸನ್ನು ಇಡಿಯಾಗಿ ತೇಲಿಬಿಡುವುದೇ ಸರಿ. ಸಾಸಿವೆ, ಕರಿಬೇವು ಸೇರಿಸಿ ‘ನಮ್ಮ ರುಚಿಗೆ’ ತಿದ್ದುವುದು ಬೇಡ.

ಇಂಥ ಊಟಕ್ಕೆ ದಿನ ಯಾವುದು? ಮೇ 30 ಟ್ರಿನಿಡಾಡಿನಲ್ಲಿ ಭಾರತೀಯರ ಆಗಮನದ ಸಾರ್ವಜನಿಕ ರಜೆ. ಭಾರತದವರ ಮನಸ್ಸು ಸಹಜವಾಗಿ ಅತ್ತ ವಾಲುತ್ತದೆ. ಆದರೆ ಆಗಸ್ಟ್ 1 ಹೆಚ್ಚು ನ್ಯಾಯವಾದದ್ದು. ಅದು ಬಿಡುಗಡೆಯ ದಿನ, 1985ರಿಂದ ಅಲ್ಲಿ ರಾಷ್ಟ್ರೀಯ ರಜೆ. ತೊಗರಿಯನ್ನು ಅಲ್ಲಿ ಬೆಳೆದು ಉಳಿಸಿದವರಿಗೆ, ಕೆಸುವನ್ನು ಕ್ಯಾಲಲೂ ಮಾಡಿದವರಿಗೆ ಸೇರಿದ ದಿನ. ಅಂದು ತಟ್ಟೆ ಹಾಕುವ ಮೊದಲು ಮನೆಯ ಮಕ್ಕಳಿಗೆ ಈ ಜನರ ಕತೆಯನ್ನು ಹೇಳಿ. ತೊಗರಿಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಕೆಸುವಿಗೆ ಅಲೆಯಬೇಕಿಲ್ಲ, ಕರಾವಳಿಯಲ್ಲೂ ಮಲೆನಾಡಿನಲ್ಲೂ ಎಲೆ ಎಳೆಯದಾಗಿ ಸಿಗುವುದು ಆ ಮಳೆಯ ದಿನಗಳಲ್ಲೇ.