ಕೆರೆ ತುಂಬಿದೆ, ಹೂಳೆಷ್ಟು?

ಕೋಡಿ ಬಿದ್ದ ಕೆರೆಯನ್ನು ಕಂಡು ಊರವರು ಹಿಗ್ಗುವುದು ಸಹಜ. ಆದರೆ ತಳದಲ್ಲಿ ಹೂಳೆಷ್ಟು ಕೂಡಿದೆಯೆಂದು ಅರಿತವರಿಗೆ ಮಾತ್ರ ಬೇಸಗೆಯ ನೀರಿನ ಲೆಕ್ಕ ತಿಳಿದೀತು. ವಿದ್ಯುತ್ ವಾಹನದ ಬ್ಯಾಟರಿಗೂ ಈ ಮಾತು ಸಲ್ಲುತ್ತದೆ.

ಈಚೆಗೆ ನಮ್ಮ ಸಹೋದ್ಯೋಗಿಗಳೊಬ್ಬರು ಮಗಳ ಕಾಲೇಜಿನ ಓಡಾಟಕ್ಕೆಂದು ಮೂರು ವರ್ಷ ಬಳಸಿದ ವಿದ್ಯುತ್ ಸ್ಕೂಟರೊಂದನ್ನು ಕೊಳ್ಳಹೊರಟಿದ್ದರು. ನಮ್ಮ ಹಳ್ಳಿಯಿಂದ ಸೊಲ್ಲಾಪುರಕ್ಕೆ ಹೋಗಿಬರಲು 70 ಕಿಲೋಮೀಟರು. ಗಾಡಿ ಹೊಸದಿದ್ದಾಗ 100 ಕಿಲೋಮೀಟರು ಓಡುತ್ತಿತ್ತಂತೆ. ಫಲಕದಲ್ಲಿಯೂ ಬ್ಯಾಟರಿ ಶೇಕಡ 100 ಎಂದೇ ತೋರಿಸುತ್ತಿತ್ತು.

ಆ ನೂರು ಸುಳ್ಳಲ್ಲ. ಆದರೆ ಅದು ಇಂದಿನ ಪಾತ್ರೆಯ ನೂರು, ಅಂದಿನದಲ್ಲ. ಲಿಥಿಯಂ ಬ್ಯಾಟರಿಯ ಒಳಗೆ ಗ್ರಾಫೈಟಿನ ಮೇಲೆ ಕಾಲಕ್ರಮದಲ್ಲಿ ತೆಳುವಾದ ಪೊರೆಯೊಂದು ಬೆಳೆಯುತ್ತದೆ. ಅತ್ತಿತ್ತ ಓಡಾಡಬೇಕಾದ ಲಿಥಿಯಮ್ಮಿನ ಒಂದಂಶ ಅದರಲ್ಲಿ ಸಿಲುಕಿ ಕೆಲಸಕ್ಕೆ ಬಾರದಾಗುತ್ತದೆ. ಇದೇ ಬ್ಯಾಟರಿಯ ಹೂಳು. ಬಿಸಿಲಿನಲ್ಲಿ ನಿಲ್ಲಿಸಿದರೆ, ಪೂರ್ತಿ ತುಂಬಿಸಿ ಬಹುದಿನ ಹಾಗೆಯೇ ಬಿಟ್ಟರೆ ಅದು ಬೇಗ ಕೂಡುತ್ತದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯವರು ಇದನ್ನು ಮರೆಯಲಾಗದು.

ಹೂಳನ್ನು ಅಳೆಯುವುದು ಹೇಗೆ? ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ, ಯೂನಿಟ್ಟು ತೋರಿಸುವ ಪುಟ್ಟ ಮೀಟರೊಂದು ಸಾಕು. ಬ್ಯಾಟರಿಯ ಮೂಲ ಸಾಮರ್ಥ್ಯ 3 ಯೂನಿಟ್ಟೆಂದು ಗಾಡಿಯ ಕಾಗದದಲ್ಲಿತ್ತು. ಶೇಕಡ 20ರಿಂದ 100ಕ್ಕೆ ತುಂಬಿಸಲು 2.4 ಯೂನಿಟ್ಟು ಬೇಕು. ತುಂಬಿಸುವಾಗ ಸುಮಾರು ಹತ್ತರಲ್ಲೊಂದು ಪಾಲು ಶಾಖವಾಗಿ ಪೋಲಾಗುವುದರಿಂದ ಮೀಟರು 2.7ರ ಸುಮಾರಿಗೆ ನಿಲ್ಲಬೇಕು. ಶೇಕಡ 20ಕ್ಕೆ ಇಳಿಯುವವರೆಗೆ ಗಾಡಿಯನ್ನು ಓಡಿಸಿ ತಂದು ತುಂಬಿಸಿದೆವು. ಮೀಟರು 1.9ರಲ್ಲೇ ನಿಂತಿತು. ಉಳಿದಿರುವ ಸಾಮರ್ಥ್ಯ ಹೆಚ್ಚುಕಡಿಮೆ ಶೇಕಡ 70.

ಅಂದರೆ ಓಟವೂ 70 ಕಿಲೋಮೀಟರು. ಹುಡುಗಿಯ ದಾರಿಯೂ 70. ಒಂದು ದಿನ ಎದುರುಗಾಳಿ ಬೀಸಿದರೆ, ಗೆಳತಿಯೊಬ್ಬಳು ಹಿಂದೆ ಕುಳಿತರೆ, ಸಂಜೆಗತ್ತಲಲ್ಲಿ ನಡುದಾರಿಯಲ್ಲಿ ಗಾಡಿ ನಿಂತೀತು. ಸಹೋದ್ಯೋಗಿಗಳು ಬೇಡವೆಂದರು. ಹಾಗೆಂದು ಆ ಗಾಡಿ ಗುಜರಿಗಲ್ಲ. ಹೂಳು ತುಂಬಿದ ಕೆರೆಯೂ ಕೆರೆಯೇ. ದಿನಕ್ಕೆ 20 ಕಿಲೋಮೀಟರು ತಿರುಗುವವರು ಬೆಲೆಯಿಳಿಸಿ ಧಾರಾಳವಾಗಿ ಕೊಳ್ಳಬಹುದು.

ಹೊಸ ವಾಹನ ತಂದವರಿಗೆ ನಮ್ಮ ಸೂಚನೆ ಇಷ್ಟೇ. ಮೊದಲ ತಿಂಗಳಿನಲ್ಲೇ ಈ ಅಳತೆಯನ್ನು ಮಾಡಿ ನೋಟ್‌ಪುಸ್ತಕದಲ್ಲಿ ಬರೆದಿಡಿರಿ. ಬಳಿಕ ವರ್ಷಕ್ಕೊಮ್ಮೆ ಅದೇ ತಿಂಗಳು, ಅದೇ ಮೀಟರಿನಿಂದ ಮತ್ತೆ ಅಳೆಯಿರಿ. ಒಂದು ದಿನದ ಗೈರುಹಾಜರಿಯಿಂದ ವಿದ್ಯಾರ್ಥಿಯನ್ನು ಅಳೆಯಲಾಗದಂತೆ, ಚಳಿಯಲ್ಲೋ ಗಾಳಿಯಲ್ಲೋ ಒಂದು ದಿನ ಓಟ ತಗ್ಗಿದ ಮಾತ್ರಕ್ಕೆ ಬ್ಯಾಟರಿ ಕೆಟ್ಟಿತೆನ್ನಲಾಗದು. ವರ್ಷಗಳ ಸಾಲು ನೋಡಬೇಕು. ಹಲವು ವಿದ್ಯುತ್ ಕಾರುಗಳಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ಬ್ಯಾಟರಿ ಖಾತರಿಯುಂಟು. ಸಾಮರ್ಥ್ಯ ಎಷ್ಟಕ್ಕಿಳಿದರೆ ಅದು ಅನ್ವಯಿಸುತ್ತದೆಂಬುದನ್ನು ಖಾತರಿಪತ್ರದಲ್ಲಿ ಓದಿಕೊಳ್ಳಿರಿ. ಅಂಥ ದಿನ ಬಂದರೆ, ಬರಿಯ ಬಾಯಿಮಾತಿಗಿಂತ ನಿಮ್ಮ ಆ ನೋಟ್‌ಪುಸ್ತಕದ ನಾಲ್ಕು ಸಾಲುಗಳಿಗೆ ತೂಕ ಹೆಚ್ಚು.